ಬಿರುಕಿಗೆ ನೆರಳು ಮುಟ್ಟುವ ಹೊತ್ತು

ಜುಂಜಣ್ಣ ಕೈಗೆ ಗಡಿಯಾರ ಕಟ್ಟಿದವನಲ್ಲ. ಅವನಿಗೆ ಹೊತ್ತು ಹೇಳುತ್ತಿದ್ದುದು ಚಿತ್ರದುರ್ಗದ ಕೋಟೆ. ಕೋಟೆಗೂ ಜೋಗಿಮಟ್ಟಿಗೂ ನಡುವೆ ಒಂಟಿ ಕಮರದ ಮರದ ದಿನ್ನೆ ಇದೆಯಲ್ಲ, ಅಲ್ಲಿ ಅವನು ನಲವತ್ತು ವರ್ಷ ಕುರಿ ಮೇಯಿಸಿದ್ದ. ಅಲ್ಲಿಂದ ನೋಡಿದರೆ ಎದುರು ಬೆಟ್ಟದ ಮೇಲೆ ಒಂದು ಬಿಳಿ ಬಂಡೆ, ಬಂಡೆಯ ನಡುವೆ ಮೇಲಿಂದ ಕೆಳಗೆ ಒಂದು ಕಪ್ಪು ಬಿರುಕು, ಪಕ್ಕದಲ್ಲಿ ದುಂಡನೆಯ ಒಂದು ಬತೇರಿ, ಅಂದರೆ ಕಾವಲು ಬುರುಜು. ಸಂಜೆ ಆ ಬತೇರಿಯ ನೆರಳು ಬಂಡೆಯ ಮೇಲೆ ಸರಿದು ಸರಿದು ಬಿರುಕನ್ನು ಮುಟ್ಟಿತೆಂದರೆ ಕುರಿ ತಿರುಗಿಸುವ ಹೊತ್ತಾಯಿತು. ಮೋಡ ಕವಿದ ದಿನ ಬಿಟ್ಟರೆ ಆ ಗಡಿಯಾರ ಒಂದು ದಿನವೂ ಕೆಟ್ಟಿದ್ದಿಲ್ಲ.

ಇಷ್ಟೆಲ್ಲ ಆಗಿಯೂ ಆಸಾಮಿ ಕೋಟೆಯ ಒಳಗೆ ಕಾಲಿಟ್ಟವನಲ್ಲ! ಎಲ್ಲೆಲ್ಲಿಂದಲೋ ಬಸ್ಸು ಮಾಡಿಕೊಂಡು ಬಂದವರು ನೋಡಿ ಹೋಗುವ ಕೋಟೆಯನ್ನು ಇವನು ಹೊರಗಿನಿಂದಲೇ ನೋಡಿ ಮುದುಕನಾದ. ನಗಬೇಡಿ. ಕುರಿ ಬಿಟ್ಟು ಹೋಗುವ ಹಾಗಿಲ್ಲ, ಕುರಿ ಹೊಡೆದುಕೊಂಡು ಹೋದರೆ ಬಾಗಿಲಲ್ಲಿ ಬಿಡುವುದಿಲ್ಲ. ಇನ್ನು ಯಾವಾಗ ಹೋಗಬೇಕು?

ಈಗ ಹೋಗದೆ ಗತಿಯಿರಲಿಲ್ಲ. ಮಗ ಕನಕರಾಜ್ ಹರಿಯಬ್ಬೆಯಲ್ಲಿ ನೀರಿರುವ ಜಮೀನು ಮಾಡಿದ್ದ. ಬೆಳಗಾದರೆ ಕುರಿಯೆಲ್ಲ ಅಲ್ಲಿಗೆ ಹೊರಡಬೇಕು, ಮತ್ತೆ ಈ ದಿನ್ನೆಗೆ ಬರುವ ಮಾತಿಲ್ಲ. ಹಾಗಾಗಿ ಅಂದು ಬೆಳಿಗ್ಗೆ ಹೆಂಡತಿ ಮಲ್ಲಕ್ಕ ಅವನ ಕೈಯಿಂದ ಕೋಲು ಕಿತ್ತುಕೊಂಡಳು.

"ಇವತ್ತು ಕುರಿ ನಾನು ನೋಡ್ಕಂತೀನಿ. ನನ್ನ ಮಂಡಿ ಆ ಮೆಟ್ಲು ಹತ್ತಲ್ಲ, ನೀನಾದ್ರೂ ಹೋಗಿ ಬಾ. ಆ ಬಿಳಿ ಬಂಡೆ ಮ್ಯಾಲೆ ನಿಂತ್ಕಂಡು ರೊಟ್ಟಿ ಡಬ್ಬಿ ಮುಚ್ಚಳ ಬಿಸ್ಲಿಗೆ ಹಿಡಿದು ಮಿಂಚ್ಸು. ಅಲ್ಲಿ ಏನೈತೆ ಅಂತ ನಂಗೆ ಹೇಳ್ಬೇಕು. ಇಷ್ಟು ವರ್ಷದಿಂದ ನೋಡ್ತಾ ಇದೀವಿ, ಏನೈತೆ ಅಂತ್ಲೇ ಗೊತ್ತಿಲ್ಲ. ನೆರಳು ಬಿರುಕಿಗೆ ಮುಟ್ಟಾದ್ರೊಳಗೆ ಆಗ್ಬೇಕು. ಆಮ್ಯಾಲೆ ನಾನು ಕಾಯಲ್ಲ, ಕುರಿ ತಿರುಗಿಸಿಬಿಡ್ತೀನಿ."

ದಾರಿ ತೋರಿಸಲು ಮಗಳ ಮಗಳು ಕಾವ್ಯಶ್ರೀ ಜೊತೆಗೆ ಬಂದಳು. ದುರ್ಗದ ಕಾಲೇಜಿನಲ್ಲಿ ಇತಿಹಾಸ ಓದುವ ಹುಡುಗಿ. ಮೊದಲ ಬಾಗಿಲಲ್ಲೇ ಅವಳ ಪಾಠ ಶುರುವಾಯಿತು. ಚಾಲುಕ್ಯರಂತೆ, ಹೊಯ್ಸಳರಂತೆ, ಆಮೇಲೆ ನಾಯಕರು ಬಂದು ಸುತ್ತಿನ ಮೇಲೆ ಸುತ್ತು ಹಾಕಿದರಂತೆ. ಜುಂಜಣ್ಣನ ಕಿವಿ ಅಲ್ಲಿರಲಿಲ್ಲ. ಅವನು ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಆಳೆತ್ತರದ ಕಲ್ಲುಗಳು ಒಂದಕ್ಕೊಂದು ಕಚ್ಚಿ ಕೂತಿವೆ, ನಡುವೆ ಗಾರೆಯಿಲ್ಲ, ಮಣ್ಣಿಲ್ಲ, ಉಗುರು ತೂರಿಸಲು ಸಂದಿಲ್ಲ. "ಅಬ್ಬಬ್ಬಾ" ಎಂದ. ಮತ್ತೆ ಒಂದು ಮಾರು ನಡೆದು ಇನ್ನೊಂದು ಕಲ್ಲು ಮುಟ್ಟಿ ಇನ್ನೊಮ್ಮೆ "ಅಬ್ಬಬ್ಬಾ" ಎಂದ.

ಎರಡನೆಯ ಬಾಗಿಲು ದಾಟಿ ದಾರಿ ಗಕ್ಕನೆ ಹೊರಳಿದಾಗ ಅವನು ನಿಂತೇಬಿಟ್ಟ. ಹಿಂದೆ ಹೋಗಿ ನೋಡಿದ, ಮುಂದೆ ಬಂದು ನೋಡಿದ, ತಲೆಯೆತ್ತಿ ಮೇಲಿನ ಗೋಡೆ ನೋಡಿದ.

"ಇದನ್ನ ಕಟ್ಸಿದೋನು ಕುರಿ ಕಾದೋನು ಕಣವ್ವ."

"ನಮ್ಮ ಮೇಡಂ ಹಂಗೆ ಹೇಳಿಲ್ಲ ತಾತ."

"ನಿಮ್ಮ ಮೇಡಮ್ಮು ರೊಪ್ಪ ಕಟ್ಟಿದಾರೇನು? ಕುರಿ ಕೂಡೋ ರೊಪ್ಪಕ್ಕೆ ಬಾಯಿ ನೆಟ್ಟಗೆ ಇಡಬಾರ್ದು. ನೆಟ್ಟಗಿದ್ರೆ ತೋಳ ಓಡಿ ಬಂದಿದ್ದೇ ಒಳಗೆ ನುಗ್ಗುತ್ತೆ. ಸೊಟ್ಟಗಿಟ್ರೆ ತಿರುವಿನಾಗೆ ಅದರ ಓಟ ಮುರಿಯುತ್ತೆ, ಮ್ಯಾಲೆ ನಿಂತೋನು ಹೊಡೀಬೌದು. ನೋಡು, ಏಳು ಸುತ್ತಿಗೂ ಅದೇ ಬುದ್ಧಿ ಇರ್ಬೇಕು!"

ಕಾವ್ಯಶ್ರೀ ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಅಲ್ಲಿಂದ ಮುಂದೆ ಪಾಠ ಹೇಳಿದವನು ಜುಂಜಣ್ಣ. ಬೆಟ್ಟಕ್ಕೆ ಬಿದ್ದ ಮಳೆಯ ಒಂದು ಹನಿಯೂ ಪೋಲಾಗದಂತೆ ಹೊಂಡಕ್ಕೆ ಇಳಿಸಿದ ಕಾಲುವೆ ಕಂಡಾಗ ಅವನ ಖುಷಿ ಹೇಳತೀರದು. ಅಕ್ಕ-ತಂಗಿ ಹೊಂಡದ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, "ಬ್ಯಾಸಗೀಲೂ ಬತ್ತಲ್ವಂತೆ? ಎಂಥಾ ತಲೆ ಮಾರಾಯ, ಎಂಥಾ ತಲೆ!" ಎಂದು ಸತ್ತು ಮುನ್ನೂರು ವರ್ಷವಾದವರ ಬೆನ್ನು ತಟ್ಟಿದ.

ಮಧ್ಯಾಹ್ನ ದಕ್ಷಿಣದ ಕಡೆ ಒಂದು ಹಾಳುಗೋಡೆಯ ಪಕ್ಕದಲ್ಲಿ, ಬಂಡೆಗೆ ಕಡಿದ ಹಳೆಯ ಮೆಟ್ಟಿಲುಗಳ ಮೇಲೆ ಕೂತು ರೊಟ್ಟಿ, ಹುಚ್ಚೆಳ್ಳಿನ ಪುಡಿ ತಿಂದರು. ಮಂಗವೊಂದು ಅರ್ಧ ರೊಟ್ಟಿ ಹಾರಿಸಿಕೊಂಡು ಹೋಯಿತು. ಹೋಗಲಿ ಬಿಡು, ಕೋಟೆ ಕಾಯುವವನಿಗೆ ಕೂಲಿ ಎಂದು ಜುಂಜಣ್ಣ ನಕ್ಕ.

ಆ ನಗು ಊಟದ ಜೊತೆಗೇ ಮುಗಿಯಿತು. ಬಿಳಿ ಬಂಡೆ ಸಿಗಲೊಲ್ಲದು! ದಿನ್ನೆಯಿಂದ ನೋಡಿದರೆ ಅಂಗೈ ಮೇಲಿನ ರೇಖೆಯಷ್ಟು ಸ್ಪಷ್ಟವಾಗಿದ್ದ ಬೆಟ್ಟ ಒಳಗೆ ಬಂದರೆ ಪರದೇಶವಾಗಿತ್ತು. ಎಲ್ಲಿ ನೋಡಿದರೂ ಬಂಡೆ, ಎಲ್ಲ ಬಂಡೆಯೂ ಒಂದೇ ಬಣ್ಣ. ಬತೇರಿಗಳೋ, ಒಳಗಿನಿಂದ ಅವು ಕಳ್ಳಿ ಬೆಳೆದ ಕಲ್ಲಿನ ಗುಡ್ಡೆಗಳು. ಬಿರುಕು ಬಿಟ್ಟ ಬಂಡೆಗಳನ್ನು ಕಾವ್ಯಶ್ರೀ ಒಂದೊಂದಾಗಿ ತೋರಿಸಿದಳು. ಅದಲ್ಲ, ಅದೂ ಅಲ್ಲ, ಅದಂತೂ ಅಲ್ಲವೇ ಅಲ್ಲ. ಮೊಬೈಲಿನ ನಕ್ಷೆಯಲ್ಲಿ ಹುಡುಕಿದಳು. ಜುಂಜಣ್ಣನ ಗಡಿಯಾರ ಯಾವ ನಕ್ಷೆಯಲ್ಲಿದ್ದೀತು?

ಮೂರು ಗಂಟೆಯಾಯಿತು, ನಾಲ್ಕಾಯಿತು. ಜುಂಜಣ್ಣನ ಮುಖ ಸಣ್ಣದಾಯಿತು. ಮಲ್ಲಕ್ಕ ಈ ಜನ್ಮದಲ್ಲಿ ಅವನನ್ನು ಕೇಳಿದ್ದೇ ಕಡಿಮೆ. ಕೇಳಿದ ಈ ಒಂದನ್ನೂ ಮಾಡದೆ ಹೋದರೆ ನಾಳೆ ಹರಿಯಬ್ಬೆಯ ದಾರಿಯುದ್ದಕ್ಕೂ ಅವಳ ಮುಖ ಹೇಗೆ ನೋಡುವುದು?

"ತಾತ, ಯಾವುದೋ ಒಂದು ಬಂಡೆ ಮ್ಯಾಲೆ ನಿಂತು ಮಿಂಚ್ಸಾಣ. ಅಜ್ಜಿಗೆ ಏನು ಗೊತ್ತಾಗುತ್ತೆ?"

"ಲೇ!" ಜುಂಜಣ್ಣನಿಗೆ ರೇಗಿತು. "ನಲವತ್ತು ವರ್ಷ ನನ್ನ ಜೊತೆ ನೋಡಿದಾಳೆ ಅವಳು. ಅವಳಿಗೆ ಮೋಸ ಮಾಡ್ಲೇನು?"

ಬೈದ ಮೇಲೆ ತಲೆ ತಿಳಿಯಾಯಿತು. ಕುರಿ ತಪ್ಪಿಸಿಕೊಂಡಾಗ ಅವನು ಪೊದೆ ಪೊದೆ ಅಲೆಯುವವನಲ್ಲ. ಅದನ್ನು ಕೊನೆಗೆ ಎಲ್ಲಿಂದ ನೋಡಿದ್ದನೋ ಅಲ್ಲಿಗೆ ಮರಳಿ ನಿಂತು ನೋಡುವವನು. ಇವತ್ತು ಬೆಪ್ಪನ ಹಾಗೆ ಬಂಡೆ ಹುಡುಕುತ್ತಿದ್ದೇನಲ್ಲ! ಬಂಡೆಯ ಕಡೆ ಬೆನ್ನು ಹಾಕಿ, ಗೋಡೆಯ ಅಂಚಿಗೆ ಹೋಗಿ, ಕಮರದ ಮರಕ್ಕೆ ಕಣ್ಣು ನೆಟ್ಟ. ಮರ ಸ್ವಲ್ಪ ಬಲಕ್ಕೆ ಕಂಡಿತು. ಅದು ಮೂಗಿನ ನೇರಕ್ಕೆ ಬರುವವರೆಗೆ ಗೋಡೆ ಹಿಡಿದು ನಡೆದ. ಕಾವ್ಯಶ್ರೀ ಏದುಸಿರು ಬಿಡುತ್ತ ಹಿಂದೆ ಓಡಿದಳು.

"ತಾತ, ಇದು ನಾವು ರೊಟ್ಟಿ ತಿಂದ ಜಾಗ!"

ಹೌದು. ರೊಟ್ಟಿಯ ಚೂರಿಗೆ ಇರುವೆ ಸಾಲು ಹಿಡಿದಿತ್ತು. ಮರ ಮಾತ್ರ ನೆಟ್ಟಗೆ ಎದುರಿಗಿತ್ತು. ಆದರೆ ಬಿರುಕೆಲ್ಲಿ? ಬಂಡೆ ಅಖಂಡವಾಗಿತ್ತು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಮಲ್ಲಕ್ಕ.

"ಎಲ್ಲಿದೀಯಯ್ಯ? ನೆರಳು ಬಿರುಕಿಗೆ ಮುಟ್ಟಾಕೆ ಇನ್ನ ಒಂದು ಗೇಣು ಐತೆ ನೋಡು."

ಜುಂಜಣ್ಣ ತಿರುಗಿ ನೋಡಿದ. ಹಾಳುಗೋಡೆ ಎಂದುಕೊಂಡಿದ್ದ ಬತೇರಿಯ ದುಂಡು ನೆರಳು ಬಂಡೆಯ ಮೇಲೆ ಹರಿದು ಬಂದು ಮೆಟ್ಟಿಲುಗಳಿಂದ ಎರಡು ಮಾರು ದೂರದಲ್ಲಿ ನಿಂತಿತ್ತು. ಅದರ ಮುಂದೆ ಇದ್ದದ್ದು ಮೆಟ್ಟಿಲುಗಳೇ, ಬೇರೇನೂ ಇಲ್ಲ.

"ಅಯ್ಯೋ ಶಿವನೇ. ಅದು ಬಿರುಕಲ್ಲ ಕಣವ್ವ, ಮೆಟ್ಲು! ನಲವತ್ತು ವರ್ಷ ಕಲ್ಲು ತಾನಾಗೇ ಸೀಳಿಕೊಂಡೈತೆ ಅಂದ್ಕಂಡಿದ್ದೆ. ಯಾರೋ ಕೂತು ಕಡಿದಾರೆ!"

ಬಾಗಿ ಮೆಟ್ಟಿಲು ಸವರಿದ. ಉಳಿಯ ಏಟು ಒಂದೊಂದೂ ಬೆರಳಿಗೆ ಸಿಕ್ಕಿತು. ಪ್ರತಿ ಮೆಟ್ಟಿಲಿನ ನಡುವೆ ಕಾಲು ತುಳಿದು ತುಳಿದು ಬಟ್ಟಲಿನಂತೆ ತಗ್ಗಾಗಿತ್ತು. ಆ ತಗ್ಗುಗಳಲ್ಲೇ ಹೆಜ್ಜೆಯಿಟ್ಟು ಹತ್ತಿದ. ತುದಿಯಲ್ಲಿ ಬಂಡೆಯನ್ನೇ ಕೆತ್ತಿ ಒಬ್ಬನೇ ಒಬ್ಬ ಕೂರುವಷ್ಟು ಆಸನ ಮಾಡಿದ್ದರು. ಕೂತ. ಎಷ್ಟೋ ಜನ ಕಾವಲಿನವರು ಕೂತು ನುಣುಪು ಮಾಡಿದ ಕಲ್ಲು ಅವನ ಬೆನ್ನಿಗೆ ಸರಿಯಾಗಿ ಒಗ್ಗಿತು. ಎದುರಿಗೆ ಅವನ ದಿನ್ನೆ, ಅವನ ಮರ. ಡಬ್ಬಿಯ ಮುಚ್ಚಳವನ್ನು ಬಿಸಿಲಿಗೆ ಹಿಡಿದು ಅಲುಗಾಡಿಸಿದ.

"ಅಯ್ಯೋ, ಬಿರುಕಿನ ತುದೀಲಿ ಮಿಂಚ್ತು! ಮಿಂಚ್ತು ಕಣಯ್ಯ!" ಫೋನಿನಲ್ಲಿ ಮಲ್ಲಕ್ಕ ಹುಡುಗಿಯ ಹಾಗೆ ಕೂಗಿದಳು. ಆಮೇಲೆ ಅವಳು ಕುರಿಗಳಿಗೆ ಹಾಕುವ ಕೇಕೆ ಕೇಳಿಸಿತು.

ಕುರಿ ತಿರುಗಿದವು. ದಿನ್ನೆಯ ಮೇಲೆ ಹಾಸಿದ ಕಂಬಳಿಯನ್ನು ಯಾರೋ ಮೂಲೆ ಹಿಡಿದು ಮೆಲ್ಲಗೆ ಎಳೆದುಕೊಂಡ ಹಾಗೆ ಇಡೀ ಮಂದೆ ಹೊರಳಿ ಹಟ್ಟಿಯ ದಾರಿ ಹಿಡಿಯಿತು. ಹಿಂದೆ ಕೆಂಪು ಸೀರೆಯ ಒಂದು ಚುಕ್ಕೆ. ಈ ಕೆಲಸವನ್ನು ಅವನು ಸಾವಿರಾರು ಸಂಜೆ ಮಾಡಿದ್ದ. ಧೂಳು, ಗೊರಸು, ಬಾಲ ಬಿಟ್ಟು ಬೇರೇನೂ ಕಂಡಿರಲಿಲ್ಲ. ಇಷ್ಟು ಚೆಂದವಿರುತ್ತದೆಂದು ಯಾರೂ ಹೇಳಿರಲಿಲ್ಲ.

"ನೋಡವ್ವ," ಎಂದ ಮೊಮ್ಮಗಳಿಗೆ, ದನಿ ತಗ್ಗಿಸಿ. "ಇಲ್ಲಿ ಕುಂತೋನೂ ದಿನಾ ಇದನ್ನೇ ನೋಡಿರ್ತಾನೆ. ದಂಡು ಬಂದ್ರೆ ಕುರಿ ಹೊತ್ತಿಗೆ ಮುಂಚೆ ದಿಕ್ಕಾಪಾಲಾಗಿ ಓಡ್ತವೆ. ಹೊತ್ತಿಗೆ ಸರಿಯಾಗಿ ತಿರುಗಿದ್ರೆ ಅವನಿಗೆ ನಿಶ್ಚಿಂತೆ. ನಾನು ಕೋಟೆ ನೋಡ್ಕಂಡು ಕುರಿ ತಿರುಗಿಸ್ತಿದ್ದೆ, ಅವನು ಕುರಿ ನೋಡ್ಕಂಡು ಕೋಟೆ ಕಾಯ್ತಿದ್ದ."

ಕಾವ್ಯಶ್ರೀ ಈ ಸಲ ನೋಟ್‌ಬುಕ್ ತೆಗೆಯಲಿಲ್ಲ. ತಾತನ ಭುಜದ ಮೇಲೆ ಕೈಯಿಟ್ಟು ನಿಂತಳು.

"ಏನೈತಯ್ಯ ಅಲ್ಲಿ?" ಮಲ್ಲಕ್ಕ ಕೇಳಿದಳು. "ಹೇಳ್ಬೇಕು ಅಂದಿದ್ನಲ್ಲ."

ಹೇಳಲು ಅವನ ಬಳಿ ಬೇಕಾದಷ್ಟಿತ್ತು. ಸೊಟ್ಟ ಬಾಗಿಲು, ಕಚ್ಚಿ ಕೂತ ಕಲ್ಲು, ಬತ್ತದ ಹೊಂಡ, ಬೆಳಗಿನಿಂದ ಎಲ್ಲವನ್ನೂ ಅವಳಿಗೆಂದೇ ನೆನಪಿಟ್ಟುಕೊಂಡಿದ್ದ. ಈಗ ಕೆಂಪು ಚುಕ್ಕೆಯನ್ನೇ ನೋಡಿದ.

"ಇಲ್ಲಿಂದ ನೀನು ಕಾಣ್ತೀಯ ಕಣೇ," ಎಂದ.

ಕೆಂಪು ಚುಕ್ಕೆ ನಡೆಯುವುದನ್ನು ನಿಲ್ಲಿಸಿ, ಇತ್ತ ತಿರುಗಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿತು.

"ಸರಿಯಾಗಿ ನೋಡ್ಕಂಡೇನು?" ಎಂದಳು ಮಲ್ಲಕ್ಕ. "ಸಾಕು, ಇಳಿದು ಬಾ ಇನ್ನ. ನೆರಳು ಮುಟ್ಟಿ ಆಗ್ಲೇ ಎಷ್ಟೊತ್ತಾತು."