ಉಳಿದದ್ದು ನಿನ್ನದು

"ಮೂರನೇ ಸಾಲು ಓದಮ್ಮಾ," ಎಂದು ಕನ್ನಡಕದಂಗಡಿಯ ಮುದುಕ ಎರಡನೆಯ ಸಲ ಹೇಳಿದ. ಹುಡುಗಿ ಕತ್ತು ಚಾಚಿ, ಗೋಡೆಯ ಮೇಲಿನ ಅಕ್ಷರಗಳನ್ನು ಊಹಿಸತೊಡಗಿದಳು. ಒಂದೂ ಸರಿಯಿರಲಿಲ್ಲ. ಅವಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅಪ್ಪನಿಗೆ ಅಲ್ಲಿಂದಲೇ ಐದನೆಯ ಸಾಲಿನವರೆಗೂ ಕಾಣುತ್ತಿತ್ತು. ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಎಂಟು ತಿಂಗಳ ಹಿಂದೆ ನಿಮ್ಮ ಹತ್ರಾನೇ ಮಾಡಿಸಿದ ಹೊಸಾ ಕನ್ನಡಕ ಇದು. ಎಂಥಾ ಗಾಜು ಹಾಕಿದ್ರಿ ಸ್ವಾಮಿ?"

ಮುದುಕ ಅವಳ ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆದು ಬೆಳಕಿಗೆ ಹಿಡಿದ. "ಹೊಸಾದು ಫ್ರೇಮ್ ಮಾತ್ರ. ಅದೂ ಇದ್ದಿದ್ರಲ್ಲೇ ಅಗ್ಗದ್ದು, ಆಗ್ಲೇ ಬಿರುಕು ಬಿಟ್ಟಿದೆ. ಗಾಜು ಹಳೇದೇ. ತೇಯ್ದು ಇದಕ್ಕೇ ಕೂರಿಸಿಕೊಡಿ ಅಂತ ನಿಮ್ಮ ಮಗಳೇ ಹೇಳಿದ್ದು. ನಂಬರ್ ಬದಲಾಗಿದೆ ಕಣಮ್ಮಾ, ಕಾಣಲ್ಲ ಅಂದೆ. ನಮ್ಮಪ್ಪ ಹೇಳಿ ಕಳ್ಸಿದಾರೆ ಅಂದ್ಲು."

ಅಪ್ಪ ಹೇಳಿ ಕಳಿಸಿದ್ದೇ ಬೇರೆ. ಅವನು ಲಿಫ್ಟ್ ರಿಪೇರಿಯವನು. ಕಳೆದ ವರ್ಷ ಒಂದು ಕಚೇರಿಯ ಏಳನೆಯ ಮಹಡಿಯಲ್ಲಿ, ಬಾಗಿಲು ಕಚ್ಚಿಕೊಂಡ ಲಿಫ್ಟಿನ ಮುಂದೆ ಸ್ಪ್ಯಾನರ್ ಹಿಡಿದು ಕೂತಿದ್ದಾಗ ಪಕ್ಕದ ಹಾಲ್‌ನಲ್ಲಿ ಯಾರೋ ಭಾಷಣ ಬಿಗಿಯುತ್ತಿದ್ದರು: ಮಕ್ಕಳಿಗೆ ದುಡ್ಡಿನ ಬುದ್ಧಿ ಕಲಿಸುವುದು ಹೇಗೆ. ವಸ್ತು ಕೊಡಿಸಬೇಡಿ, ದುಡ್ಡು ಕೊಡಿ. ಉಳಿದದ್ದು ನಿನ್ನದು ಅನ್ನಿ. ಆಮೇಲೆ ಮಜಾ ನೋಡಿ. ಬಿಟ್ಟಿ ಸಿಕ್ಕ ಆ ಬುದ್ಧಿವಾದ ಅವನಿಗೆ ಎಷ್ಟು ಹಿಡಿಸಿತೆಂದರೆ, ಅದೇ ವಾರ ಮಗಳ ಮೇಲೆ ಪ್ರಯೋಗ ಶುರುವಾಯಿತು. ಬ್ಯಾಗು, ಚಪ್ಪಲಿ, ನೋಟ್‌ಪುಸ್ತಕ, ಎಲ್ಲದರ ದುಡ್ಡೂ ಅವಳ ಕೈಗೇ. ಕನ್ನಡಕಕ್ಕೂ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿಯ ಜೊತೆ ದುಡ್ಡು ಕೊಟ್ಟು ಕಳಿಸಿದ್ದ. ಹದಿಮೂರರ ಹುಡುಗಿ ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ, ಗೆದ್ದು ಬರುತ್ತಿದ್ದಳು. "ನನ್ನ ಮಗಳನ್ನ ಪೇಟೆಗೆ ಬಿಟ್ರೆ ನಿಮ್ಮನ್ನೆಲ್ಲ ಮಾರಿ ಬರ್ತಾಳೆ," ಎಂದು ಜೊತೆಯವರ ಮುಂದೆ ಅವನು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ನಿನ್ನೆ ಗಣಿತದ ಟೀಚರು ಫೋನ್ ಮಾಡಿದರು. ಹುಡುಗಿಗೆ ಬೋರ್ಡೇ ಕಾಣುವುದಿಲ್ಲವಂತೆ, ಪಕ್ಕದವಳದನ್ನು ನೋಡಿ ಬರೆಯುತ್ತಾಳಂತೆ, ಮಧ್ಯಾಹ್ನವಾದರೆ ತಲೆ ಹಿಡಿದುಕೊಂಡು ಕೂರುತ್ತಾಳಂತೆ.

"ಕಣ್ಣಲ್ಲೂ ಉಳಿತಾಯ ಮಾಡ್ತಾರೇನೇ? ಆ ದುಡ್ಡು ಏನ್ ಮಾಡ್ದೆ?"

ಅವಳು ಬ್ಯಾಗಿನಿಂದ ಜಾಮಿಟ್ರಿ ಬಾಕ್ಸ್ ತೆಗೆದು, ಕೈವಾರದ ಕೆಳಗಿಂದ ಮಡಿಸಿದ ನೋಟುಗಳನ್ನು ಎಳೆದು ಮೇಜಿನ ಮೇಲಿಟ್ಟಳು. ಒಂದೂ ಖರ್ಚಾಗಿರಲಿಲ್ಲ.

"ಯಾತಕ್ಕೆ ಇಟ್ಕೊಂಡಿದ್ದೀಯ ಇದನ್ನ?"

"ಯಾತಕ್ಕೂ ಇಲ್ಲ. ಉಳಿದಿದೆ, ಅಷ್ಟೆ."

ಹಾಳುಮೂಳು ತಿಂದಿದ್ದರೆ ಬೈಯಬಹುದಿತ್ತು. ಗೆಳತಿಯರ ಜೊತೆ ಸಿನಿಮಾ ನೋಡಿದ್ದರೂ ಬೈಯಬಹುದಿತ್ತು. ಇದಕ್ಕೆ ಏನೆಂದು ಬೈಯುವುದೋ ಅವನಿಗೆ ತಿಳಿಯಲಿಲ್ಲ.

"ಬುದ್ಧಿ ಎಲ್ಲಿಟ್ಟಿದ್ದೀಯ? ಕಣ್ಣು ಕಾಣದೆ ಎಂಟು ತಿಂಗಳು ಬಾಯಿ ಮುಚ್ಕೊಂಡಿದ್ಯಲ್ಲ!"

"ನೀನೂ ಹಲ್ಲು ಕೀಳಿಸ್ಕೊಂಡಿಲ್ವಲ್ಲ ಅಪ್ಪಾ." ಎದುರುತ್ತರದ ದನಿಯಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. "ಒಂದೇ ಕಡೆ ಅಗೀತೀಯ. ಅಮ್ಮ ಡಾಕ್ಟರ ಹತ್ರ ಹೋಗಿ ಅಂದಾಗೆಲ್ಲ, ತಡ್ಕೋಬಹುದು, ದುಡ್ಡು ಉಳಿಯತ್ತೆ ಅಂತೀಯ. ನಂಗೂ ತಡ್ಕೋಬಹುದು ಅನ್ನಿಸ್ತು."

ಮುದುಕ ಸುಮ್ಮನೆ ಕೆಮ್ಮಿ, ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಅಪ್ಪನಿಗೆ ಆ ಭಾಷಣದವನನ್ನು ಹುಡುಕಿ ನಾಲ್ಕು ಬಿಡಬೇಕೆನಿಸಿತು. ಆದರೆ ಹಲ್ಲಿನ ವಿಷಯ ಆ ಪುಣ್ಯಾತ್ಮ ಹೇಳಿಕೊಟ್ಟದ್ದಲ್ಲ. ಅದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

"ಗಾಜೂ ಹೊಸಾದು ಹಾಕಿ, ಫ್ರೇಮೂ ಹೊಸಾದು," ಎಂದು ಮುದುಕನಿಗೆ ಹೇಳಿ, ಮಗಳ ಕಡೆ ತಿರುಗಿದ. "ನಿಂಗೆ ಯಾವ್ದು ಇಷ್ಟಾನೋ ಅದನ್ನ ತಗೋ."

ಮುದುಕ ತಟ್ಟೆ ತಂದಿಟ್ಟ. ಅವಳು ಒಂದೊಂದೇ ಫ್ರೇಮನ್ನು ಮೂಗಿನ ಹತ್ತಿರ ಹಿಡಿದು, ಅದಕ್ಕೆ ಕಟ್ಟಿದ್ದ ಬೆಲೆಚೀಟಿ ಓದಿ ಕೆಳಗಿಡುತ್ತಾ ಹೋದಳು. ಒಂದನ್ನೂ ಹಾಕಿಕೊಳ್ಳಲಿಲ್ಲ.

"ಬೆಲೆ ನೋಡ್ಬೇಡ ಕಣೇ!"

"ನೋಡ್ದೆ ಹೇಗೆ ಆರಿಸೋದು?" ಎಂದಳು. ನಿಜವಾಗಿಯೂ ಕೇಳುತ್ತಿದ್ದಳು.

ಅವನು ಕತ್ತರಿ ಇಸಿದುಕೊಂಡು ಚೀಟಿಗಳನ್ನೆಲ್ಲ ಕಚಕಚನೆ ಕತ್ತರಿಸಿ ಜೇಬಿಗೆ ತುರುಕಿದ. "ಈಗ ಆರಿಸು."

ಮುದುಕ ಕನ್ನಡಿಯನ್ನು ಅವಳ ಕಡೆ ತಿರುಗಿಸಿದ. ಅವಳು ಕೆಂಪು ಫ್ರೇಮ್ ಹಾಕಿಕೊಂಡಳು. ಕನ್ನಡಿ ನೋಡಲಿಲ್ಲ; ಹತ್ತಿರಕ್ಕೆ ಬಾಗಿ, ಬೆಲೆಚೀಟಿ ಓದುವಂತೆ ಅಪ್ಪನ ಮುಖ ನೋಡಿದಳು. ಅದನ್ನು ತೆಗೆದು ನೀಲಿಯದನ್ನು ಹಾಕಿಕೊಂಡು ಮತ್ತೆ ಅಪ್ಪನ ಮುಖ ನೋಡಿದಳು. ಅವನು ಉಸಿರು ಬಿಗಿಹಿಡಿದು, ಮುಖ ಒಂದಿಷ್ಟೂ ಅಲುಗದಂತೆ ಕೂತ. ಅವಳು ಮೂರನೆಯದಕ್ಕೆ ಕೈ ಹಾಕಿದಳು.