ಬಾಗಿಲಲ್ಲೇ ಉಳಿದ ಮರದ ಮೆಟ್ಟು

ನಾನು ಒಂದು ಜೊತೆ ಮರದ ಮೆಟ್ಟು. ತಳ ಮರದ್ದು, ಮೇಲೆ ತೊಗಲು. ನಡೆದರೆ ಟಕ್ ಟಕ್ ಎಂದು ಬೀದಿಗೆಲ್ಲ ಕೇಳಿಸುತ್ತೇನೆ. ಗುಟ್ಟಾಗಿ ಓಡಾಡುವುದು ನನ್ನ ಜಾಯಮಾನವಲ್ಲ. ಸ್ವೀಡನ್ನಿನ ಒಂದು ಸಣ್ಣ ಊರಿನಲ್ಲಿ ಅಲ್ಗೋಟ್ ಎಂಬಾತ ನನ್ನನ್ನು ಕೆತ್ತಿದ್ದು ಮಗಳು ಸಿಗ್ನೆಗಾಗಿ. ಹುಡುಗಿ ಬಲು ಎತ್ತರ. ಅದಕ್ಕೆ ನಾಚಿ ಬೆನ್ನು ಬಗ್ಗಿಸಿ ನಡೆಯುತ್ತಿದ್ದಳು. ಅಪ್ಪ ಬೇಕೆಂದೇ ನನ್ನ ಹಿಮ್ಮಡಿಯನ್ನು ಇನ್ನಷ್ಟು ಎತ್ತರಿಸಿ, “ಇನ್ನು ಬಗ್ಗಿ ನಡೆದ್ರೆ ಮುಗ್ಗರಿಸ್ತೀಯ. ನೆಟ್ಟಗೆ ನಡಿ ಮಗಳೇ” ಎಂದ.

ಹಾಗೆ ನಡೆದು ನಡೆದೇ ಅವಳು ಸ್ಟಾಕ್‌ಹೋಮಿನಲ್ಲಿ ಮಾಡೆಲ್ ಆದಳು, ಆಮೇಲೆ ಸಿನಿಮಾ ನಟಿ. ಎಲ್ಲಿ ಹೋದರೂ ನಾನು ಜೊತೆಗೆ. ಮನೆಯೊಳಗೆ ಮಾತ್ರ ನನಗೆ ಪ್ರವೇಶವಿಲ್ಲ. ನಿಮ್ಮ ಹಾಗೆಯೇ ಸ್ವೀಡನ್ನಿನವರೂ ಮೆಟ್ಟನ್ನು ಬಾಗಿಲಲ್ಲೇ ಬಿಡುತ್ತಾರೆ.

ಅವಳು ಅಮೆರಿಕದ ದೊಡ್ಡ ತಾರೆ ಡ್ವೈಟ್ ಮ್ಯಾಲರಿಯನ್ನು ಮದುವೆಯಾಗಿ ಅಲ್ಲಿಗೇ ಹೋದಳು. ಅವನೋ ಬೂಟು ಬಿಚ್ಚದೆ ಒಳಗೆ ನುಗ್ಗುತ್ತಿದ್ದ. ಎಂಥ ಸೊಕ್ಕು ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಪಾಲಿಶ್ ಮಾಡಲೆಂದು ಸಿಗ್ನೆ ಆ ಬೂಟುಗಳನ್ನು ಬಾಗಿಲಿಗೆ ತಂದಾಗ ಕಂಡೆ: ಒಳಗೆ ಹಿಮ್ಮಡಿಯಡಿ, ಎತ್ತರ ಕಾಣಲೆಂದು ಇಟ್ಟ ದಪ್ಪನೆಯ ಬೆಂಡಿನ ತುಂಡು. ತೆರೆಯ ಮೇಲಿನ ಆಜಾನುಬಾಹು ನಿಜಕ್ಕೂ ಅವಳ ಭುಜದೆತ್ತರಕ್ಕಷ್ಟೇ ಇದ್ದ. ಪಾಪ ಅನ್ನಿಸಿತು.

ಆದರೆ ಅವನ ಅಂಜಿಕೆ ಅವಳನ್ನೇ ನುಂಗತೊಡಗಿತು. ಫೋಟೊಗೆ ಅವಳು ಮಂಡಿ ಬಗ್ಗಿಸಿ ನಿಲ್ಲಬೇಕು. ನನ್ನನ್ನು ಮೆಟ್ಟಿ ಅವನ ಜೊತೆ ಹೊರಡಕೂಡದು. ಕೊನೆಗೆ ಅವಳಿಗೆ ಬಂದ ಪಾತ್ರಗಳನ್ನೂ ಅವನೇ ಬೇಡವೆನ್ನುತ್ತಿದ್ದ. ಹೀಗಿರುವಾಗ ಸ್ವೀಡನ್ನಿನಿಂದ ಒಂದು ನಾಯಕಿಯ ಪಾತ್ರ ಬಂತು.

“ಹೋಗ್ಬೇಡ. ನನ್ನ ಹೆಂಡತಿಯಾಗಿದ್ರೆ ಸಾಲದಾ?” ಎಂದ ಡ್ವೈಟ್.

“ಬಗ್ಗಿ ಬಗ್ಗಿ ಬೆನ್ನು ನೋಯ್ತಿದೆ, ಡ್ವೈಟ್.”

ಸಿಗ್ನೆ ನನ್ನನ್ನು ಎತ್ತಿಕೊಂಡು ಹೋಗಿ ನಡುಮನೆಯಲ್ಲೇ ಕಾಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಮನೆಯೊಳಗೆ ನಾನು ನಡೆದದ್ದು ಅದೊಂದೇ ಸಲ. ಎಷ್ಟು ಜೋರಾಗಿ ಟಕ್ ಟಕ್ ಎಂದೆನೋ!

ಆ ಸಿನಿಮಾ ಗೆದ್ದಿತು. ಆದರೂ ಪತ್ರಕರ್ತರು ಕೇಳುತ್ತಿದ್ದದ್ದು ಅವನನ್ನು ಯಾಕೆ ಬಿಟ್ಟಳೆಂದೇ. ಬೆಂಡಿನ ವಿಷಯ ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹೇಳಿಬಿಡಬಾರದೇ ಎಂದು ನನಗೇ ಎಷ್ಟೋ ಸಲ ಅನ್ನಿಸಿದೆ.

ಈಗ ನನ್ನ ತೊಗಲು ಬಿರಿದಿದೆ. ಸ್ಟಾಕ್‌ಹೋಮಿನ ಅವಳ ಪುಟ್ಟ ಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿದ್ದೇನೆ. ಕಳೆದ ಚಳಿಗಾಲದಲ್ಲಿ ಯಾರೋ ಬಾಗಿಲು ತಟ್ಟಿದರು. ಡ್ವೈಟ್! ತಲೆ ಪೂರ್ತಿ ನರೆತಿತ್ತು.

“ನೀನು ಯಾರಿಗೂ ಹೇಳಲಿಲ್ಲ,” ಎಂದ.

“ಕಾಫಿ ಆರ್ತಿದೆ, ಬಾ,” ಎಂದಳು ಸಿಗ್ನೆ, ನೆಟ್ಟಗೆ ನಿಂತುಕೊಂಡೇ.

ಅವನು ಹೊಸ್ತಿಲಲ್ಲಿ ತಡವರಿಸಿದ. ಆಮೇಲೆ ಗೋಡೆ ಹಿಡಿದು, ಕಷ್ಟಪಟ್ಟು ಬಗ್ಗಿ, ಬೂಟು ಬಿಚ್ಚಿ ನನ್ನ ಪಕ್ಕದಲ್ಲಿಟ್ಟ. ಅವಳ ಮುಖವನ್ನು ತಲೆಯೆತ್ತಿ ನೋಡುತ್ತ, ಬರೀ ಕಾಲುಚೀಲದಲ್ಲಿ ಒಳಗೆ ಹೋದ.