ಉಲ್ಯಾನಳ ಜೇನಿಗೆ ಯಾರು ಹೇಳಬೇಕು

ಕೊಪ್ಪದ ಕಡೆಯವರೆಲ್ಲ ಅವನನ್ನು ರಷ್ಯಾ ಸಾಹೇಬ ಎಂದೇ ಕರೆದರು. ಅವನು ಉಕ್ರೇನಿನವನು, ಹೆಸರು ಓಸ್ತಾಪ್. ತಿದ್ದುವ ಗೋಜಿಗೆ ಅವನು ಹೋಗಲಿಲ್ಲ. ದೇಶದಿಂದ ದೇಶಕ್ಕೆ ಕಾನ್ಸುಲೇಟುಗಳಲ್ಲೇ ತಲೆ ನರೆತವನಿಗೆ, ತಿದ್ದದೆ ಮುಗುಳ್ನಗುವುದು ಮೈಗೂಡಿಬಿಟ್ಟಿತ್ತು.

ಅದಕ್ಕೂ ಮೊದಲು ಅವನು ಜೇನಿನ ವಿಜ್ಞಾನಿ. ಮನುಷ್ಯರ ಮಾತು ಜೇನುಹುಳಕ್ಕೆ ಕೇಳಿಸುವುದಿಲ್ಲವೆಂದು ಕೀವ್‌ನಲ್ಲಿ ಪ್ರಬಂಧ ಬರೆದು ಹೆಸರು ಮಾಡಿದ್ದ. ಅದನ್ನು ಮಂಡಿಸಲು ಹೊರದೇಶಕ್ಕೆ ಹೋದಾಗ ಅವನ ಇಂಗ್ಲಿಷು ಯಾರೋ ದೊಡ್ಡವರ ಕಿವಿಗೆ ಬಿತ್ತು. ಗೂಡು ಬಿಡಿಸುತ್ತಿದ್ದ ಕೈಗೆ ರಾಯಭಾರದ ಕೆಲಸ ಬಂತು. ಹಳ್ಳಿಯಲ್ಲಿದ್ದ ತಾಯಿ ಉಲ್ಯಾನ ಮಾತ್ರ ಪ್ರಬಂಧದ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳು ದಿನಾ ತನ್ನ ಜೇನುಪೆಟ್ಟಿಗೆಗಳ ಜೊತೆ ಹರಟುವವಳು. ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಮೊದಲು ಜೇನಿಗೆ ಹೇಳಬೇಕು, ಹೇಳದಿದ್ದರೆ ಅವು ಮುನಿಸಿಕೊಂಡು ಹಾರಿಹೋಗುತ್ತವೆ ಎನ್ನುವುದು ಅವಳ ಊರಿನ ಪದ್ಧತಿ.

ಆ ಉಲ್ಯಾನ ಸತ್ತ ತಂತಿ ಅವನ ಈಗಿನ ಕಚೇರಿಯಿದ್ದ ಮದ್ರಾಸಿಗೆ ಬಂದಿತ್ತು, ಮಣ್ಣು ಮಾಡಿ ಮುಗಿದ ಮೇಲೆ. ಓಸ್ತಾಪ್ ಕಚೇರಿಯಲ್ಲಿ ಒಬ್ಬರಿಗೂ ಹೇಳಲಿಲ್ಲ, ರಜೆ ಕೇಳಲಿಲ್ಲ. ಮಲೆನಾಡಿನ ಜೇನು ನೋಡಿಬರುವುದೆಂದು ಮೊದಲೇ ನಿಗದಿಯಾಗಿದ್ದ ಪ್ರವಾಸಕ್ಕೆ ಸುಮ್ಮನೆ ಹೊರಟುಬಿಟ್ಟ. ೧೯೭೮ರ ಏಪ್ರಿಲ್, ದಾರಿಯುದ್ದಕ್ಕೂ ಕೆಂಧೂಳು.

ಜೀಪು ಕೊಪ್ಪದ ಜೇನು ವ್ಯಾಪಾರಿ ಗುಲಾಮ್ ಹುಸೇನನದು. ಇಂಗ್ಲಿಷ್ ಬಲ್ಲ ಅವನೇ ದುಭಾಷಿ. ಬೆಳಿಗ್ಗೆ ಕಡಹಿನಬೈಲೆಂಬ ಹಳ್ಳಿಯ ಜೇನುಪೆಟ್ಟಿಗೆಗಳು, ಮಧ್ಯಾಹ್ನ ಶೃಂಗೇರಿ ಎಂದು ದಿನವಿಡೀ ಗೊತ್ತುಮಾಡಿಟ್ಟಿದ್ದ. ಕಮ್ಮರಡಿಯ ತನ್ನ ಮಾವನ ಜಿಪುಣತನದಿಂದ ಹಿಡಿದು ಬಸ್ಸುಗಳ ಬ್ರೇಕಿನವರೆಗೆ ಅವನು ಹೇಳದೆ ಉಳಿಸಿದ್ದೇನಿಲ್ಲ. ಓಸ್ತಾಪ್ ಎಲ್ಲದಕ್ಕೂ ಹೂಂಗುಟ್ಟಿದ.

ಕಡಹಿನಬೈಲಿನಲ್ಲಿ ರೈತ ವಾಸಪ್ಪ ಸೇವಂತಿಗೆ ಹಾರ ಹಾಕಿ ಬರಮಾಡಿಕೊಂಡ. ಪೆಟ್ಟಿಗೆಗಳು ಕೊಯ್ಲಾದ ಗದ್ದೆಯ ಆಚೆ, ಕಲ್ಲುಕಂಬಗಳ ಮೇಲಿದ್ದವು. ಜೇನು ಸಾಕುತ್ತಿದ್ದವಳು ವಾಸಪ್ಪನ ತಾಯಿ ಗಿರಿಯಮ್ಮ.

"ಎಂತ ಹುಸೇನ್ ಸಾಬ್ರೆ, ನಿಮ್ಮ ಸಾಹೇಬ್ರಿಗೆ ಬಾಯಿ ಇಲ್ವಾ?" ಎಂದಳು ಅವಳು.

"ಇದೆ ಮಾರಾಯ್ತಿ. ಸರ್ಕಾರಿ ಬಾಯಿ. ಮೇಲಿಂದ ಆರ್ಡರ್ ಬಂದ್ರೆ ತೆರೀತದೆ."

ಗದ್ದೆಯ ಏರಿಯ ಮೇಲೆ ನಡೆಯುತ್ತಿದ್ದಂತೆ ಮೇಣದ ವಾಸನೆ ಬಂತು, ಆಮೇಲೆ ಹುಳಗಳ ಗುಂಯ್ ಸದ್ದು. ಓಸ್ತಾಪನ ಕಾಲು ನಿಂತಿತು. ಪೆಟ್ಟಿಗೆಗಳ ಹತ್ತಿರ ತನ್ನನ್ನು ಸ್ವಲ್ಪ ಹೊತ್ತು ಒಬ್ಬನನ್ನೇ ಬಿಡಬೇಕೆಂದು ಕೇಳಿದ.

ಒಬ್ಬರೇ ಎಂತಕ್ಕೆ ಎಂದು ಗಿರಿಯಮ್ಮ ಹುಸೇನನಿಂದ ಕೇಳಿಸಿದಳು. ವೈಜ್ಞಾನಿಕ ಪರಿಶೀಲನೆ ಎಂದುಬಿಟ್ಟಿದ್ದರೆ ದಾರಿ ಬಿಡುತ್ತಿದ್ದಳು. ಅಂಥ ಉತ್ತರಗಳು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ಆದರೆ ಹೊರಬಿದ್ದದ್ದು ಬೇರೆ. ತಾಯಿ ಸತ್ತಿದ್ದಾಳೆ, ಜೇನಿಗೆ ಹೇಳಬೇಕು, ಎಂದ.

ಗುಲಾಮ್ ಹುಸೇನ್ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡು, ಆಮೇಲೆ ಓಸ್ತಾಪನ ಮಾತನ್ನು ಕನ್ನಡಕ್ಕೆ ತಂದ. ಗಿರಿಯಮ್ಮ ಏರಿಯ ನಡುವೆ ಅಡ್ಡ ನಿಂತಳು.

"ಹಂಗಾರೆ ಹೋಗಂಗೇ ಇಲ್ಲ. ಸೂತಕದವರ ಗಾಳಿ ತಾಗಿದ್ರೆ ಹುಳ ಗೂಡು ಬಿಟ್ಟು ಹೋಗ್ತವೆ."

ಅಲ್ಲಿ ಹೇಳದಿದ್ದರೆ ಹೋಗುತ್ತವೆ, ಇಲ್ಲಿ ಹೇಳಲು ಹೋದರೆ ಹೋಗುತ್ತವೆ. ಓಸ್ತಾಪ್, ಹಾಗಾದರೆ ಗಿರಿಯಮ್ಮನೇ ಹೇಳಲಿ ಎಂದು ಬೇಡಿಕೊಂಡ. ಅಷ್ಟು ದೂರದಿಂದ ಬಂದವರು, ಒಂದು ಮಾತು ಹೇಳಿಬಿಡವ್ವ, ಎಂದು ವಾಸಪ್ಪನೂ ಅಂದ.

"ಹೇಳಕ್ಕೆ ನಂಗೇನು, ಹೇಳ್ತೀನಿ. ಆದ್ರೆ ಇವು ನನ್ನ ಹುಳ. ಅವರಮ್ಮನ ಮುಖ ಇವು ಕಂಡಿಲ್ಲ. ಆಯಮ್ಮ ಸಾಕಿದ ಹುಳ ಇದಾವಲ್ಲ, ಅವಕ್ಕೆ ಯಾರು ಹೇಳಿದಾರೆ? ಕೇಳಿ."

ಗುಲಾಮ್ ಹುಸೇನ್ ಕೇಳಿದ. ಓಸ್ತಾಪನಿಗೆ ಒಡಹುಟ್ಟಿದವರಿರಲಿಲ್ಲ. ಊರಲ್ಲಿ ನೆರೆಯವರು ಮಣ್ಣು ಹಾಕಿದ್ದರು, ಅಷ್ಟೆ.

"ಯಾರೂ ಇಲ್ಲ," ಎಂದ.

ಗಿರಿಯಮ್ಮ ಅವನ ಕೊರಳಿನ ಹಾರ ತೆಗೆದು ಗದ್ದೆಗೆಸೆದಳು. ಸಾವು ಕೇಳಿ ಮೀಯದೆ ಊರೂರು ತಿರುಗುವುದುಂಟೆ ಎಂದು ಬಯ್ಯುತ್ತಲೇ ಬಾವಿಕಟ್ಟೆಗೆ ಕರೆದೊಯ್ದು ಕೂರಿಸಿದಳು. ವಾಸಪ್ಪ ನೀರು ಸೇದಿಕೊಟ್ಟ, ಅವಳು ಅಂಗಿಯ ಮೇಲೆಯೇ ಹೊಯ್ದಳು. ಉಲ್ಯಾನ ಬಿಟ್ಟರೆ ಅವನ ತಲೆಗೆ ನೀರು ಹೊಯ್ದವರು ಯಾರೂ ಇರಲಿಲ್ಲ. ಕೊಡ ಬರಿದಾದಾಗ, ಇನ್ನೊಂದು ಎನ್ನುವ ಹಾಗೆ ಅವನು ತಲೆ ಬಾಗಿಸಿಯೇ ಕೂತಿದ್ದ.

ಶೃಂಗೇರಿಗೆ ಈ ಸಲ ಬೇಡ, ದೇವರ ಊರು, ಎಂದು ಅವಳೇ ತೀರ್ಮಾನಿಸಿದಳು. ವಾಸಪ್ಪನ ಪಂಚೆಯುಟ್ಟು ಜೀಪು ಹತ್ತಿದ ಓಸ್ತಾಪ್, ಕೊಪ್ಪದಲ್ಲಿ ಮದ್ರಾಸಿಗೆ ಫೋನು ಸಿಗುವುದೇ ಎಂದು ಕೇಳಿದ. ಗುಲಾಮ್ ಹುಸೇನ್ ನೇರ ಅಂಚೆ ಕಚೇರಿಗೆ ಜೀಪು ಓಡಿಸಿದ.

ಅಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಓಸ್ತಾಪ್ ಬೆಂಚಿನ ಮೇಲೆ ಕಾದ. ಜನ ಅವನ ಬಿಳಿ ಕಾಲು, ಗಿಡ್ಡ ಪಂಚೆ ನೋಡಿ ನಗು ನುಂಗಿಕೊಂಡರು. ತನಗಾಗಿ ಏನಾದರೂ ಕೇಳುವ ವಾಕ್ಯ ಹೇಗಿರುತ್ತದೆಂದು ಅವನಿಗೆ ನೆನಪಾಗುತ್ತಿರಲಿಲ್ಲ. ಒಂದೊಂದೇ ಪದ ಜೋಡಿಸುತ್ತಿದ್ದ.

ಕೊನೆಗೂ ಲೈನ್ ಸಿಕ್ಕಿತು. ಬರೀ ಗರಗರ. ತಾಯಿ ತೀರಿಕೊಂಡಿದ್ದಾಳೆ, ಊರಿಗೆ ಹೋಗಬೇಕು, ರಜೆ ಬೇಕು, ಎಂದ. ಏನೂ ಗೊತ್ತಾಗುತ್ತಿಲ್ಲ, ಗಟ್ಟಿಯಾಗಿ ಹೇಳಿ, ಎಂದಿತು ಆಚೆಯ ದನಿ. ಅವನು ಇನ್ನಷ್ಟು ಜೋರಾಗಿ ಹೇಳಿದ. ಮತ್ತೆ ಹೇಳಿ, ಎಂದಿತು.

ಓಸ್ತಾಪ್ ಎದ್ದು ನಿಂತು, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ಕೂಗಿದ. ಸ್ಟಾಂಪು ಹಚ್ಚುತ್ತಿದ್ದವರು ಕೈ ನಿಲ್ಲಿಸಿ ತಿರುಗಿದರು. ಒಬ್ಬರಿಗೂ ಆ ಭಾಷೆ ಬರುತ್ತಿರಲಿಲ್ಲ. ಅವನು ಕೂಗುತ್ತಲೇ ಇದ್ದ.